ಮಂಡಿಗೆ ಸ್ಟೆಮ್ ಸೆಲ್ ಇಂಜೆಕ್ಷನ್: ಮೆಸೆಂಕೈಮಲ್ ಕಾಂಡಕೋಶಗಳು ದೇಹದೊಳಗೆ ಏನು ಮಾಡುತ್ತವೆ?

ಮಲ್ಲೇಶ್ವರದಲ್ಲಿರುವ ನಮ್ಮ ದೊಡ್ಡಮ್ಮನಿಗೆ 68 ವರ್ಷ. ಮನೆಯ ಮೆಟ್ಟಿಲು ಇಳಿಯುವಾಗ ಅವರು ಈಗ ಪಕ್ಕಕ್ಕೆ ತಿರುಗಿ, ಕಂಬಿ ಹಿಡಿದು, ಒಂದೊಂದು ಮೆಟ್ಟಿಲ ಮೇಲೂ ಎರಡೂ ಕಾಲು ಊರಿ ನಿಂತು ಇಳಿಯುತ್ತಾರೆ. ಕಳೆದ ತಿಂಗಳು ತಮ್ಮ ವಾಟ್ಸ್‌ಆ್ಯಪ್‌ಗೆ ಬಂದಿದ್ದ ಜಾಹೀರಾತೊಂದನ್ನು ತೋರಿಸಿ, "ನೋಡೋ, ಒಂದೇ ಇಂಜೆಕ್ಷನ್ ಅಂತೆ. ಸವೆದಿರೋ ಮಂಡಿ ಮತ್ತೆ ಬೆಳೆಯತ್ತಂತೆ, ಆಪರೇಷನ್ನೇ ಬೇಡ್ವಂತೆ. ನಿಜಾನಾ?" ಎಂದು ಕೇಳಿದರು. ಜಾಹೀರಾತಿನಲ್ಲಿ ಇದ್ದುದು 'ಸ್ಟೆಮ್ ಸೆಲ್' ಎಂಬ ಎರಡು ಪದ, ನಗುತ್ತಿರುವ ವೃದ್ಧ ದಂಪತಿಯ ಚಿತ್ರ ಮತ್ತು ಒಂದು ಫೋನ್ ನಂಬರ್ ಮಾತ್ರ.

ಇದೇ ಪದ ಬೆಂಗಳೂರಿನಲ್ಲಿ ಇನ್ನೆರಡು ಕಡೆ ಕಿವಿಗೆ ಬೀಳುತ್ತದೆ. ಹೆರಿಗೆಯ ದಿನ ಹತ್ತಿರ ಬಂದಿರುವ ದಂಪತಿಗೆ ಮಗುವಿನ ಹೊಕ್ಕುಳಬಳ್ಳಿಯನ್ನು ಕಾದಿಡುವ ಕಂಪನಿಗಳಿಂದ ಕರೆ ಬರುತ್ತದೆ; ಆಟಿಸಂ ಇರುವ ಮಕ್ಕಳ ತಂದೆತಾಯಂದಿರಿಗೆ ಯಾರೋ ಹಿತೈಷಿಗಳು ವಿಡಿಯೊ ಕಳುಹಿಸುತ್ತಾರೆ. ಮೂರೂ ಕಡೆ ಪದ ಒಂದೇ ಆದರೂ ಆ ಪದ ಸೂಚಿಸುವ ಜೀವಕೋಶ ಬೇರೆ, ಅದರ ಹಿಂದಿರುವ ಪುರಾವೆ ಬೇರೆ, ಕಾನೂನಿನಲ್ಲಿ ಅದಕ್ಕಿರುವ ಸ್ಥಾನವೂ ಬೇರೆ. ದೊಡ್ಡಮ್ಮನ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ನನಗೆ ಆಗಲಿಲ್ಲ. ಆ ದಿನ ಅವರಿಗೆ ಹೇಳಬೇಕೆಂದುಕೊಂಡದ್ದನ್ನು ಇಲ್ಲಿ ಮೊದಲಿನಿಂದ ಬಿಡಿಸಿ ಬರೆದಿದ್ದೇನೆ.

ಕಾಂಡಕೋಶ ಎಂದರೆ

ನಮ್ಮ ದೇಹದ ಬಹುಪಾಲು ಜೀವಕೋಶಗಳು ಒಂದೊಂದು ಕೆಲಸಕ್ಕೆ ಮೀಸಲಾದವು. ಕೆಂಪು ರಕ್ತಕಣ ಆಮ್ಲಜನಕ ಹೊರುತ್ತದೆ, ಸ್ನಾಯುವಿನ ಕೋಶ ಕುಗ್ಗಿ ಹಿಗ್ಗುತ್ತದೆ, ನರಕೋಶ ಸಂದೇಶ ಸಾಗಿಸುತ್ತದೆ. ಒಂದರ ಕೆಲಸ ಇನ್ನೊಂದಕ್ಕೆ ಬಾರದು. ಹೀಗೆ ಕಸುಬು ಹಿಡಿಯದೆ ಉಳಿದಿರುವ, ಅಗತ್ಯ ಬಿದ್ದಾಗ ಒಂದು ಕಡೆ ತನ್ನಂಥದ್ದೇ ಕೋಶವನ್ನೂ ಇನ್ನೊಂದು ಕಡೆ ಕಸುಬುಳ್ಳ ಕೋಶವನ್ನೂ ಹುಟ್ಟಿಸಬಲ್ಲ ಕೋಶಗಳಿಗೆ ಕಾಂಡಕೋಶಗಳು ಎಂದು ಹೆಸರು. ಮರದ ಕಾಂಡದಿಂದ ಕೊಂಬೆಗಳು ಕವಲೊಡೆಯುವಂತೆ ಇವುಗಳಿಂದ ಬೇರೆ ಬೇರೆ ಬಗೆಯ ಕೋಶಗಳು ಕವಲೊಡೆಯುತ್ತವೆ. ಕೆಲವು ಕನ್ನಡ ಬರಹಗಳಲ್ಲಿ ಇದಕ್ಕೆ ಆಕರಕೋಶ ಎಂಬ ಪದವೂ ಇದೆ.

ಎಲ್ಲ ಕಾಂಡಕೋಶಗಳ ಶಕ್ತಿ ಸಮನಲ್ಲ. ಕೆಲವೇ ದಿನಗಳ ಭ್ರೂಣದಲ್ಲಿರುವ ಕೋಶಗಳು ದೇಹದ ಯಾವ ಅಂಗಾಂಶದ ಕೋಶವಾಗಿಯೂ ಬೆಳೆಯಬಲ್ಲವು. ಮನುಷ್ಯನ ಇಂತಹ ಕೋಶಗಳನ್ನು ಪ್ರಯೋಗಾಲಯದಲ್ಲಿ ಮೊದಲು ಬೆಳೆಸಿದ್ದು 1998ರಲ್ಲಿ. ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ ಸಾಮಾನ್ಯ ಕೋಶಗಳಿಗೆ ನಾಲ್ಕು ಜೀನ್‌ಗಳನ್ನು ಸೇರಿಸಿ ಅವನ್ನು ಭ್ರೂಣದ ಸ್ಥಿತಿಗೆ ಹಿಂತಿರುಗಿಸಿದರು, ಮರುವರ್ಷ ಮನುಷ್ಯರ ಕೋಶಗಳಲ್ಲೂ ಅದು ಸಾಧ್ಯವಾಯಿತು, 2012ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಈ ಎರಡು ಬಗೆಗಳ ಕಥೆ ದೊಡ್ಡದು, ಆದರೆ ನಮ್ಮ ವಿಷಯ ಅವಲ್ಲ. ವಯಸ್ಕರ ದೇಹದಲ್ಲೂ ಕಾಂಡಕೋಶಗಳಿವೆ. ಅವುಗಳ ವ್ಯಾಪ್ತಿ ಸೀಮಿತ. ನಾವು ನೋಡಬೇಕಾದದ್ದು ಇವನ್ನು.

ವಯಸ್ಕರ ಕಾಂಡಕೋಶಗಳಲ್ಲಿ ಹೆಚ್ಚು ಪರಿಚಿತವಾದದ್ದು ಅಸ್ಥಿಮಜ್ಜೆಯಲ್ಲಿ, ಅಂದರೆ ಮೂಳೆಯೊಳಗಿನ ಮೆದು ಭಾಗದಲ್ಲಿ ಇರುವ ರಕ್ತಜನಕ ಕಾಂಡಕೋಶ. ಸೆಕೆಂಡಿಗೆ ಸುಮಾರು 20 ಲಕ್ಷದಷ್ಟು ಕೆಂಪು ರಕ್ತಕಣಗಳು ನಮ್ಮಲ್ಲಿ ಹುಟ್ಟುತ್ತಿರುವುದು ಇವುಗಳಿಂದಲೇ. ರಕ್ತದ ಕ್ಯಾನ್ಸರ್, ಥಲಸ್ಸೇಮಿಯಾದಂತಹ ಕಾಯಿಲೆಗಳಿಗೆ ದಶಕಗಳಿಂದ ನಡೆಯುತ್ತಿರುವ ಅಸ್ಥಿಮಜ್ಜೆ ಕಸಿ ವಾಸ್ತವವಾಗಿ ಈ ಕೋಶಗಳ ಕಸಿ. ಇದನ್ನು ಬೆಳೆಸಿದ ಅಮೆರಿಕದ ವೈದ್ಯ ಡೊನಾಲ್ ಥಾಮಸ್ ಅವರು 1990ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಸ್ಟೆಮ್ ಸೆಲ್ ಚಿಕಿತ್ಸೆಯಿಂದ ರೋಗ ಗುಣವಾಗುತ್ತದೆ ಎಂಬ ಮಾತಿಗೆ ಗಟ್ಟಿ ಆಧಾರ ಇರುವುದು ಮುಖ್ಯವಾಗಿ ಇಲ್ಲಿ. ಈ ಗೆಲುವಿನ ಹೆಸರನ್ನೇ ಬೇರೆ ಕೋಶಗಳಿಗೂ ಬೇರೆ ಕಾಯಿಲೆಗಳಿಗೂ ಎರವಲು ಕೊಡುವುದರಿಂದ ಅರ್ಧ ಗೊಂದಲ ಹುಟ್ಟುತ್ತದೆ ಎಂದು ನನಗೆ ಅನ್ನಿಸುತ್ತದೆ.

ತಳಕ್ಕೆ ಅಂಟಿಕೊಂಡ ಕೋಶಗಳು

ಅದೇ ಮಜ್ಜೆಯಲ್ಲಿ, ರಕ್ತಜನಕ ಕೋಶಗಳ ನೆರೆಯಲ್ಲೇ, ಇನ್ನೊಂದು ಬಗೆಯ ಕೋಶಗಳು ಬಹಳ ವಿರಳವಾಗಿ ಇವೆ. 1960 ಮತ್ತು 70ರ ದಶಕಗಳಲ್ಲಿ ಸೋವಿಯತ್ ವಿಜ್ಞಾನಿ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ ಮತ್ತು ಅವರ ಸಹೋದ್ಯೋಗಿಗಳು ಪ್ರಾಣಿಗಳ ಮಜ್ಜೆಯನ್ನು ಪಾತ್ರೆಯಲ್ಲಿ ಹಾಕಿ ಗಮನಿಸಿದಾಗ, ರಕ್ತಕ್ಕೆ ಸೇರಿದ ಕೋಶಗಳು ದ್ರವದಲ್ಲಿ ತೇಲುತ್ತಿದ್ದವು, ಕೆಲವೇ ಕೆಲವು ಕೋಶಗಳು ಪಾತ್ರೆಯ ತಳಕ್ಕೆ ಅಂಟಿಕೊಂಡಿದ್ದವು. ತೇಲುವುದನ್ನು ಬಸಿದು ತೆಗೆದ ಮೇಲೆ ಅಂಟಿಕೊಂಡ ಒಂದೊಂದು ಕೋಶವೂ, ಎರಡು ತುದಿ ಚೂಪಾದ ಕದಿರಿನ ಆಕಾರದ ಕೋಶಗಳ ಒಂದೊಂದು ಗುಂಪಾಗಿ ಬೆಳೆಯಿತು. ಅವನ್ನು ಪ್ರಾಣಿಯ ದೇಹದಲ್ಲಿ ಬೇರೊಂದು ಜಾಗಕ್ಕೆ ಕಸಿ ಮಾಡಿದಾಗ ಅಲ್ಲಿ ಮೂಳೆ ಮೂಡಿತು.

ಇವಕ್ಕೆ 'ಮೆಸೆಂಕೈಮಲ್ ಕಾಂಡಕೋಶ' ಎಂಬ ಹೆಸರನ್ನು 1991ರಲ್ಲಿ ಬಳಕೆಗೆ ತಂದವರು ಅಮೆರಿಕದ ಜೀವವಿಜ್ಞಾನಿ ಆರ್ನಲ್ಡ್ ಕ್ಯಾಪ್ಲನ್. ಭ್ರೂಣದಲ್ಲಿ ಮೂಳೆ, ಮೃದ್ವಸ್ಥಿ (ಮೂಳೆಗಿಂತ ಮೆದುವಾದ ಕಾರ್ಟಿಲೇಜ್), ಕೊಬ್ಬು ಮುಂತಾದ ಆಧಾರ ಅಂಗಾಂಶಗಳಿಗೆ ಮೂಲವಾಗುವ ಸಡಿಲ ಪದರಕ್ಕೆ ಮೆಸೆಂಕೈಮ್ ಎನ್ನುತ್ತಾರೆ. ಹೆಸರು ಅದರಿಂದ ಬಂದದ್ದು. ಮನುಷ್ಯರ ಮಜ್ಜೆಯಿಂದ ತೆಗೆದ ಇಂತಹ ಕೋಶಗಳನ್ನು ಪ್ರಯೋಗಾಲಯದಲ್ಲಿ ಮೂಳೆ, ಮೃದ್ವಸ್ಥಿ ಮತ್ತು ಕೊಬ್ಬಿನ ಕಡೆಗೆ ತಿರುಗಿಸಬಹುದು ಎಂದು 1999ರಲ್ಲಿ ಸ್ಪಷ್ಟವಾಗಿ ತೋರಿಸಲಾಯಿತು. ಆ ಹೊತ್ತಿನಿಂದ ಮುಂದಕ್ಕೆ ಹೊಟ್ಟೆಯ ಕೊಬ್ಬಿನಲ್ಲಿ, ಹೊಕ್ಕುಳಬಳ್ಳಿಯೊಳಗಿನ ಲೋಳೆಯಂತಹ ಭಾಗದಲ್ಲಿ, ಮಕ್ಕಳ ಹಾಲುಹಲ್ಲಿನ ತಿರುಳಿನಲ್ಲಿ ಕೂಡ ಇವನ್ನು ಹೋಲುವ ಕೋಶಗಳು ಸಿಕ್ಕಿದವು.

ಎಲ್ಲೆಲ್ಲೂ ಸಿಗತೊಡಗಿದಾಗ ಯಾವುದನ್ನು ಈ ಹೆಸರಿನಿಂದ ಕರೆಯಬೇಕು ಎಂಬ ಪ್ರಶ್ನೆ ಎದ್ದಿತು. ಕೋಶ ಚಿಕಿತ್ಸೆಯ ಅಂತಾರಾಷ್ಟ್ರೀಯ ವಿದ್ವತ್ ಸಂಘವೊಂದು 2006ರಲ್ಲಿ ಕನಿಷ್ಠ ಲಕ್ಷಣಗಳನ್ನು ಗೊತ್ತುಮಾಡಿತು: ಕೋಶಗಳು ಪ್ಲಾಸ್ಟಿಕ್ ಪಾತ್ರೆಯ ತಳಕ್ಕೆ ಅಂಟಬೇಕು; ಅವುಗಳ ಮೇಲ್ಮೈಯಲ್ಲಿ ಸಿಡಿ73, ಸಿಡಿ90, ಸಿಡಿ105 ಎಂಬ ಗುರುತಿನ ಪ್ರೋಟೀನ್‌ಗಳು ಇರಬೇಕು, ರಕ್ತಕೋಶಗಳ ಗುರುತುಗಳು ಇರಕೂಡದು; ಪ್ರಯೋಗಾಲಯದಲ್ಲಿ ಮೂಳೆ, ಮೃದ್ವಸ್ಥಿ, ಕೊಬ್ಬು ಮೂರೂ ಆಗಬಲ್ಲವಾಗಿರಬೇಕು. ಇದು ಒಬ್ಬರ ಚಹರೆಯನ್ನು ಎತ್ತರ, ಮಚ್ಚೆ, ಬೆರಳಚ್ಚು ಎಂದು ಬರೆದಿಡುವಂತಹ ವಿವರಣೆ. ಆ ವ್ಯಕ್ತಿಯ ಸ್ವಭಾವವನ್ನು ಇದು ಹೇಳುವುದಿಲ್ಲ. ಚಹರೆ ಹೊಂದಿದರೂ ಮಜ್ಜೆಯ ಕೋಶ ಮತ್ತು ಹೊಕ್ಕುಳಬಳ್ಳಿಯ ಕೋಶ ಒಂದೇ ರೀತಿ ನಡೆದುಕೊಳ್ಳುತ್ತವೆ ಎನ್ನುವಂತಿಲ್ಲ.

ಮಜ್ಜೆಯಲ್ಲಿ ಇವುಗಳ ಸಂಖ್ಯೆ ಎಷ್ಟು ಕಡಿಮೆಯೆಂದರೆ, ಹತ್ತು ಸಾವಿರದಿಂದ ಒಂದು ಲಕ್ಷ ಕೋಶಗಳಲ್ಲಿ ಒಂದು ಮಾತ್ರ ಈ ಬಗೆಯದು. ಚಿಕಿತ್ಸೆಗಾದರೋ ಸಾಮಾನ್ಯವಾಗಿ ರೋಗಿಯ ತೂಕದ ಪ್ರತಿ ಕಿಲೋಗೆ ಹತ್ತಿಪ್ಪತ್ತು ಲಕ್ಷ ಕೋಶಗಳು ಬೇಕು. ಆದ್ದರಿಂದ ದಾನಿಯಿಂದ ತೆಗೆದ ಕೋಶಗಳನ್ನು 37 ಡಿಗ್ರಿ ಸೆಲ್ಸಿಯಸ್ ಶಾಖದ ಪೆಟ್ಟಿಗೆಯಲ್ಲಿ, ಪೋಷಕ ದ್ರವದಲ್ಲಿ, ವಾರಗಟ್ಟಲೆ ಬೆಳೆಸುತ್ತಾರೆ. ಪಾತ್ರೆ ತುಂಬಿದಾಗ ಬಿಡಿಸಿ ಹೊಸ ಪಾತ್ರೆಗಳಿಗೆ ಹಂಚುತ್ತಾರೆ. ಸೋಂಕು ಇದೆಯೇ, ವರ್ಣತಂತುಗಳು ಸರಿಯಾಗಿವೆಯೇ ಎಂದು ಪರೀಕ್ಷಿಸಿ, ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟಿಸಿ ಇಡುತ್ತಾರೆ. ಹೀಗೆ ಬೆಳೆಸಿದ ಕೋಶವೇ ನಿಜವಾದ ಅರ್ಥದಲ್ಲಿ ಮೆಸೆಂಕೈಮಲ್ ಕೋಶದ ಔಷಧ. ರೋಗಿಯ ಸೊಂಟದ ಮೂಳೆಯಿಂದ ಮಜ್ಜೆ ಎಳೆದು, ಯಂತ್ರದಲ್ಲಿ ತಿರುಗಿಸಿ ಗಟ್ಟಿ ಮಾಡಿ, ಅದೇ ದಿನ ಮಂಡಿಗೆ ಚುಚ್ಚುವುದು ಬೇರೆ ವಿಧಾನ. ಅದರಲ್ಲಿ ಈ ಕೋಶಗಳು ಇರುವುದು ಅತಿ ಕಡಿಮೆ ಪ್ರಮಾಣದಲ್ಲಿ. ರಕ್ತದಿಂದ ಪ್ಲೇಟ್‌ಲೆಟ್ ಬೇರ್ಪಡಿಸಿ ಚುಚ್ಚುವ ಪಿಆರ್‌ಪಿಯಲ್ಲಂತೂ ಕಾಂಡಕೋಶದ ಪ್ರಸ್ತಾಪವೇ ಇಲ್ಲ. ಹಲವು ಜಾಹೀರಾತುಗಳಲ್ಲಿ ಈ ಮೂರೂ ಒಂದೇ ಹೆಸರಿನಡಿ ಬರುತ್ತವೆ.

ನಾಟಿಯಲ್ಲ, ಮೇಸ್ತ್ರಿಯ ಕೆಲಸ

ದೊಡ್ಡಮ್ಮನ ಮನಸ್ಸಿನಲ್ಲಿದ್ದ ಚಿತ್ರ ಗದ್ದೆಯ ನಾಟಿಯದು. ಒಟ್ಟಲಿನಲ್ಲಿ ಬೆಳೆಸಿದ ಪೈರನ್ನು ಕಿತ್ತು ಗದ್ದೆಯಲ್ಲಿ ನೆಟ್ಟರೆ ಅದು ಬೇರೂರಿ ಅಲ್ಲೇ ತೆನೆ ಬಿಡುವಂತೆ, ಲ್ಯಾಬ್‌ನಲ್ಲಿ ಬೆಳೆಸಿದ ಕೋಶವನ್ನು ಮಂಡಿಗೆ ಹಾಕಿದರೆ ಅದು ಅಲ್ಲಿ ಬೇರೂರಿ ಹೊಸ ಮೃದ್ವಸ್ಥಿಯಾಗುತ್ತದೆ ಎಂದು ಅವರು ತಿಳಿದಿದ್ದರು. ಅವರನ್ನು ತಪ್ಪೆನ್ನಲಾಗದು, ಆರಂಭದಲ್ಲಿ ವಿಜ್ಞಾನಿಗಳೂ ನಿರೀಕ್ಷಿಸಿದ್ದು ಇದನ್ನೇ. ಪಾತ್ರೆಯಲ್ಲಿ ಸೂಕ್ತ ರಾಸಾಯನಿಕ ಕೊಟ್ಟರೆ ಮೃದ್ವಸ್ಥಿಯಾಗುವ ಕೋಶ ದೇಹದೊಳಗೂ ಹಾಗೆಯೇ ಆಗಬೇಕಲ್ಲವೇ?

ನಡೆದದ್ದು ಬೇರೆ. ರಕ್ತನಾಳದ ಮೂಲಕ ಕೊಟ್ಟ ಮೆಸೆಂಕೈಮಲ್ ಕೋಶಗಳ ಜಾಡು ಹಿಡಿದು ನೋಡಿದಾಗ, ಅವುಗಳಲ್ಲಿ ಹೆಚ್ಚಿನವು ಮೊದಲು ಶ್ವಾಸಕೋಶದ ಅತಿಸೂಕ್ಷ್ಮ ನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ, ಏಕೆಂದರೆ ಅವು ಆ ನಾಳಗಳ ಅಗಲಕ್ಕಿಂತ ದೊಡ್ಡವು. ಒಂದೆರಡು ದಿನಗಳಲ್ಲೇ ಬಹುಪಾಲು ಕೋಶಗಳು ಸತ್ತು ಕರಗಿಹೋಗುತ್ತವೆ. ಹಾನಿಯಾದ ಅಂಗವನ್ನು ತಲುಪಿ ಅಲ್ಲೇ ನೆಲೆಸಿ ಹೊಸ ಅಂಗಾಂಶವಾಗುವವು ಅತ್ಯಲ್ಪ. ಆದರೂ ಕೆಲವು ಕಾಯಿಲೆಗಳಲ್ಲಿ ರೋಗಿಯ ಸ್ಥಿತಿ ಸುಧಾರಿಸುತ್ತಿತ್ತು. ಕೋಶ ಉಳಿಯುವುದಿಲ್ಲ, ಪರಿಣಾಮ ಮಾತ್ರ ಉಳಿಯುತ್ತದೆ ಎಂಬ ಈ ಒಗಟು ಈ ಕ್ಷೇತ್ರದ ಅತ್ಯಂತ ಸ್ವಾರಸ್ಯಕರ ಭಾಗ.

ಈಗ ಒಪ್ಪಿತವಾಗಿರುವ ವಿವರಣೆ ಹೀಗಿದೆ. ಮನೆ ಕಟ್ಟುವಲ್ಲಿ ಮೇಸ್ತ್ರಿ ಬರುತ್ತಾನೆ. ಗಾರೆಯವರಿಗೆ ಹೇಳಬೇಕಾದ್ದು ಹೇಳಿ, ಜಗಳವಾಡುತ್ತಿರುವವರನ್ನು ಸುಮ್ಮನಾಗಿಸಿ, ನೀರು ಎಲ್ಲಿಂದ ತರಬೇಕು, ಯಾವ ಗೋಡೆ ಮೊದಲು ಏಳಬೇಕು ಎಂದು ತೋರಿಸಿ ಹೊರಟುಹೋಗುತ್ತಾನೆ. ಗೋಡೆಯಲ್ಲಿ ಅವನು ಇಟ್ಟಿಗೆಯಾಗಿ ಉಳಿದಿರುವುದಿಲ್ಲ, ಆದರೆ ಅವನು ಬಂದುಹೋದ ಮೇಲೆ ಕೆಲಸದ ಹದ ಬದಲಾಗಿರುತ್ತದೆ. ಮೆಸೆಂಕೈಮಲ್ ಕೋಶಗಳೂ ಸುತ್ತಲಿನ ಕೋಶಗಳಿಗೆ ಸಂದೇಶವಾಗುವ ಪ್ರೋಟೀನ್‌ಗಳನ್ನು ಮತ್ತು ಎಕ್ಸೊಸೋಮ್ ಎಂಬ ಅತಿಸಣ್ಣ ಚೀಲಗಳನ್ನು ಹೊರಬಿಡುತ್ತವೆ. ಇವುಗಳಲ್ಲಿ ಕೆಲವು ಸಂದೇಶಗಳು ಹೊಸ ರಕ್ತನಾಳ ಚಿಗುರಲು ಪ್ರೇರೇಪಿಸುತ್ತವೆ, ಕೆಲವು ಸಾಯುತ್ತಿರುವ ಕೋಶಗಳನ್ನು ಉಳಿಸುತ್ತವೆ, ಕೆಲವು ಉರಿಯೂತವನ್ನು, ಅಂದರೆ ರೋಗನಿರೋಧಕ ಕೋಶಗಳು ಕೆರಳಿ ಊತ, ನೋವು, ಬಿಸಿ ಉಂಟುಮಾಡುವುದನ್ನು ತಣಿಸುತ್ತವೆ. ಸತ್ತ ಮೆಸೆಂಕೈಮಲ್ ಕೋಶಗಳನ್ನು ನುಂಗಿದ ರೋಗನಿರೋಧಕ ಕೋಶಗಳು ತಾವೇ ಶಾಂತವಾಗುತ್ತವೆ ಎಂಬುದಕ್ಕೂ ಪುರಾವೆಗಳಿವೆ; ಅಂದರೆ ಅವುಗಳ ಸಾವೂ ಚಿಕಿತ್ಸೆಯ ಒಂದು ಭಾಗವಾಗಿರಬಹುದು.

ಹೆಸರಿಟ್ಟ ಕ್ಯಾಪ್ಲನ್ ಅವರೇ ಮುಂದೆ ಆ ಹೆಸರನ್ನು ಬದಲಿಸಬೇಕೆಂದು ವಾದಿಸಿದರು. ಇವನ್ನು ಕಾಂಡಕೋಶ ಎನ್ನದೆ 'ಔಷಧೀಯ ಸಂಕೇತ ಕೋಶ' ಎಂಬರ್ಥದ ಹೆಸರಿನಿಂದ ಕರೆಯೋಣ, ಕಾಂಡಕೋಶವೆಂಬ ಪದ ರೋಗಿಗಳಿಗೆ ತಪ್ಪು ಭರವಸೆ ಕೊಡುತ್ತದೆ ಎಂದು 2017ರಲ್ಲಿ ಅವರು ಬರೆದರು. ತಾನು ಪ್ರಚಾರಕ್ಕೆ ತಂದ ಪದವನ್ನು ತಾನೇ ಹಿಂತೆಗೆದುಕೊಳ್ಳಲು ಮುಂದಾದ ಆ ವಿಜ್ಞಾನಿಯ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ಹೆಸರು ಮಾತ್ರ ಬದಲಾಗಲಿಲ್ಲ.

ಈ ಶಾಂತಗೊಳಿಸುವ ಗುಣದ ಜೊತೆಗೆ ಇನ್ನೊಂದು ಅನುಕೂಲವಿದೆ. ಅಂಗಾಂಗ ಕಸಿಯಲ್ಲಿ ದಾನಿ ಮತ್ತು ರೋಗಿಯ ಅಂಗಾಂಶ ಹೊಂದಿಕೆಯಾಗಬೇಕು. ಮೆಸೆಂಕೈಮಲ್ ಕೋಶಗಳು ಪರಕೀಯವೆಂದು ಗುರುತು ಹಿಡಿಯುವ ಚಿಹ್ನೆಗಳನ್ನು ಕಡಿಮೆ ತೋರುವುದರಿಂದ ರೋಗಿಯ ದೇಹ ಅವನ್ನು ತಕ್ಷಣ ತಿರಸ್ಕರಿಸುವುದಿಲ್ಲ, ಅಷ್ಟರೊಳಗೆ ಅವು ಕೆಲಸ ಮಾಡಿ ಮುಗಿಸಬಲ್ಲವು. ಹಾಗಾಗಿ ಆರೋಗ್ಯವಂತ ಯುವ ದಾನಿಗಳಿಂದ ಪಡೆದ ಕೋಶಗಳನ್ನು ಬೆಳೆಸಿ, ಸೀಸೆಗಳಲ್ಲಿ ತುಂಬಿ, ಗುರುತುಪರಿಚಯವಿಲ್ಲದ ಯಾವ ರೋಗಿಗಾದರೂ ಕೊಡುವ ಔಷಧವಾಗಿ ಮಾಡಲು ಸಾಧ್ಯವಾಗಿದೆ.

ಒಂದೇ ತಿಂಗಳಲ್ಲಿ ಒಂದು ಒಪ್ಪಿಗೆ, ಒಂದು ವಾಪಸಾತಿ

ಸ್ಟಾಕ್‌ಹೋಮ್‌ನ ವೈದ್ಯರು 2004ರಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬನ ಬಗ್ಗೆ ವರದಿ ಮಾಡಿದರು. ರಕ್ತದ ಕ್ಯಾನ್ಸರ್‌ಗಾಗಿ ಅವನಿಗೆ ಬೇರೊಬ್ಬರ ರಕ್ತಜನಕ ಕಾಂಡಕೋಶಗಳ ಕಸಿಯಾಗಿತ್ತು. ಕಸಿಯ ಜೊತೆ ಬಂದ ದಾನಿಯ ರೋಗನಿರೋಧಕ ಕೋಶಗಳು ಅವನ ಕರುಳು ಮತ್ತು ಯಕೃತ್ತಿನ ಮೇಲೆಯೇ ದಾಳಿ ಮಾಡಿದ್ದವು; ಅತಿಥಿ ಆತಿಥೇಯನ ಮೇಲೆ ತಿರುಗಿಬಿದ್ದಂತಹ ಈ ಸ್ಥಿತಿ ಯಾವ ಔಷಧಕ್ಕೂ ಬಗ್ಗಿರಲಿಲ್ಲ. ಅವನ ತಾಯಿಯ ಮಜ್ಜೆಯಿಂದ ಬೆಳೆಸಿದ ಮೆಸೆಂಕೈಮಲ್ ಕೋಶಗಳನ್ನು ಕೊಟ್ಟ ಮೇಲೆ ಅವನು ಚೇತರಿಸಿಕೊಂಡ. ರೋಗನಿರೋಧಕ ಕೋಶಗಳನ್ನು ಶಾಂತಗೊಳಿಸುವ ಇವುಗಳ ಗುಣ ಜಗತ್ತಿನ ಗಮನ ಸೆಳೆದದ್ದು ಆಗ.

ಅಲ್ಲಿಂದ ಔಷಧದ ಅಂಗಡಿಗೆ ದಾರಿ ದೀರ್ಘವಾಗಿತ್ತು. ಜಪಾನ್ 2015ರಲ್ಲಿ, ಕಸಿಯ ನಂತರ ಬರುವ ಇದೇ ಕಾಯಿಲೆಗೆ ಇಂತಹ ಕೋಶಗಳಿಗೆ ಅನುಮತಿ ನೀಡಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎರಡು ಸಲ ಅರ್ಜಿಯನ್ನು ಹಿಂದಿರುಗಿಸಿ, ಕೊನೆಗೆ 2024ರ ಡಿಸೆಂಬರ್‌ನಲ್ಲಿ, ಸ್ಟಿರಾಯ್ಡ್‌ಗೆ ಬಗ್ಗದ ಈ ಕಾಯಿಲೆ ಇರುವ ಮಕ್ಕಳಿಗೆ ರಯಾನ್ಸಿಲ್ ಎಂಬ ಔಷಧವನ್ನು ಒಪ್ಪಿತು. ಆಧಾರವಾಗಿದ್ದ ಪ್ರಯೋಗದಲ್ಲಿ 54 ಮಕ್ಕಳಿದ್ದರು. 28ನೆಯ ದಿನಕ್ಕೆ ಅವರಲ್ಲಿ ಶೇ. 70ರಷ್ಟು ಮಂದಿ ಚಿಕಿತ್ಸೆಗೆ ಸ್ಪಂದಿಸಿದ್ದರು. ಆ ದೇಶದಲ್ಲಿ ಒಪ್ಪಿಗೆ ಪಡೆದ ಮೊದಲ ಮೆಸೆಂಕೈಮಲ್ ಕೋಶ ಔಷಧ ಇದು.

ಅದೇ ಡಿಸೆಂಬರ್‌ನಲ್ಲಿ ಯುರೋಪಿನಲ್ಲಿ ಇನ್ನೊಂದು ಘಟನೆ ನಡೆಯಿತು. ಕ್ರೋನ್ಸ್ ಎಂಬ ಕರುಳಿನ ಕಾಯಿಲೆಯವರಿಗೆ ಗುದದ ಬಳಿ ಆಗುವ ವಾಸಿಯಾಗದ ನಾಳಹುಣ್ಣಿಗೆ, ಕೊಬ್ಬಿನಿಂದ ಬೆಳೆಸಿದ ಕೋಶಗಳ ಅಲೊಫಿಸೆಲ್ ಎಂಬ ಔಷಧಕ್ಕೆ 2018ರಲ್ಲಿ ಅಲ್ಲಿ ಅನುಮತಿ ಸಿಕ್ಕಿತ್ತು. ಮೊದಲ ಪ್ರಯೋಗದಲ್ಲಿ ಔಷಧ ಪಡೆದವರಲ್ಲಿ ಅರ್ಧದಷ್ಟು, ಹುಸಿಮದ್ದು ಪಡೆದವರಲ್ಲಿ ಮೂರನೆಯ ಒಂದು ಭಾಗದಷ್ಟು ಮಂದಿಗೆ ಗುಣ ಕಂಡಿತ್ತು. ಎರಡನೆಯ, ಇನ್ನೂ ದೊಡ್ಡ ಪ್ರಯೋಗ ನಡೆದಾಗ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವೇ ಇರಲಿಲ್ಲ. ಔಷಧ ಮಾರುಕಟ್ಟೆಯಿಂದ ಹೊರಬಿತ್ತು. ಒಪ್ಪಿಗೆ ಸಿಕ್ಕ ಮೇಲೂ ಪರೀಕ್ಷೆ ಮುಂದುವರಿಯಬೇಕಾದದ್ದು ಏಕೆ ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಗೊತ್ತಿಲ್ಲ.

ಬೆಂಗಳೂರಿನಿಂದ ಬಂದ ಔಷಧ

ನಮ್ಮ ದೇಶದ ಅಧ್ಯಾಯ ಬೆಂಗಳೂರಿನಲ್ಲೇ ಆರಂಭವಾಗುತ್ತದೆ. ಇಲ್ಲಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಹಲವು ದಾನಿಗಳ ಮಜ್ಜೆಯ ಕೋಶಗಳನ್ನು ಒಟ್ಟುಗೂಡಿಸಿ ಬೆಳೆಸಿದ ಸ್ಟೆಂಪ್ಯೂಸೆಲ್ ಎಂಬ ಔಷಧಕ್ಕೆ ದೇಶದ ಔಷಧ ಮಹಾನಿಯಂತ್ರಕರು 2016ರಲ್ಲಿ ಸೀಮಿತ ಅನುಮತಿ ಕೊಟ್ಟರು. ಅನುಮತಿ ಬಂದದ್ದು ಬರ್ಜರ್ಸ್ ಎಂಬ ಕಾಯಿಲೆಗೆ. ಬೀಡಿ, ಸಿಗರೇಟು, ಹೊಗೆಸೊಪ್ಪಿನ ಬಳಕೆಗೆ ಬಿಗಿಯಾಗಿ ಅಂಟಿಕೊಂಡಿರುವ ಈ ಕಾಯಿಲೆಯಲ್ಲಿ ಕೈಕಾಲಿನ ಸಣ್ಣ ಮತ್ತು ಮಧ್ಯಮ ಗಾತ್ರದ ರಕ್ತನಾಳಗಳು ಉರಿಯೂತದಿಂದ ಮುಚ್ಚಿಹೋಗುತ್ತವೆ. ರೋಗಿಗಳಲ್ಲಿ ಹೆಚ್ಚಿನವರು ದುಡಿಯುವ ವಯಸ್ಸಿನ ಗಂಡಸರು. ಕಾಲು ರಾತ್ರಿಯಿಡೀ ನೋಯುತ್ತದೆ, ಬೆರಳ ತುದಿಯಲ್ಲಿ ಹುಣ್ಣಾಗುತ್ತದೆ, ಕೊಳೆತು ಕಾಲನ್ನೇ ತೆಗೆಯಬೇಕಾಗಬಹುದು.

ಇಲ್ಲಿ ಕೋಶಗಳನ್ನು ಮೀನಖಂಡದ ಸ್ನಾಯುವಿಗೆ ನೇರವಾಗಿ ಚುಚ್ಚುತ್ತಾರೆ. ಅವು ತಾವೇ ರಕ್ತನಾಳವಾಗುವುದಿಲ್ಲ. ಮೇಸ್ತ್ರಿಯ ಹಾಗೆ ಸುತ್ತಲಿನ ಅಂಗಾಂಶಕ್ಕೆ ಸಂಕೇತ ಕೊಟ್ಟು, ಮುಚ್ಚಿದ ಮುಖ್ಯರಸ್ತೆಯನ್ನು ಬಳಸಿ ಹೋಗುವ ಒಳದಾರಿಗಳು ಮೂಡಲು ಸಹಾಯ ಮಾಡುತ್ತವೆ. ತಂಬಾಕು ಬಿಡದಿದ್ದರೆ ಯಾವ ಚಿಕಿತ್ಸೆಯೂ ಈ ಕಾಯಿಲೆಯನ್ನು ಹಿಡಿದು ನಿಲ್ಲಿಸಲಾರದು ಎಂಬುದನ್ನೂ ಸೇರಿಸಿ ಹೇಳಬೇಕು.

ಬಳ್ಳಾರಿ ರಸ್ತೆಯಲ್ಲಿ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ ಇನ್‌ಸ್ಟೆಮ್, ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ ಕಾಂಡಕೋಶ ವಿಜ್ಞಾನಕ್ಕಾಗಿಯೇ ಕಟ್ಟಿದ ಸಂಶೋಧನಾ ಸಂಸ್ಥೆ. ಇದು ಆಸ್ಪತ್ರೆಯಲ್ಲ. ಕೋಶಗಳು ಹೇಗೆ ನಿರ್ಧಾರ ಕೈಗೊಳ್ಳುತ್ತವೆ, ಗಾಯ ಹೇಗೆ ಮಾಯುತ್ತದೆ ಎಂಬಂತಹ ಮೂಲ ಪ್ರಶ್ನೆಗಳು ಇಲ್ಲಿಯವು. ಚಿಕಿತ್ಸೆಯ ಕಡೆಗೆ ಹೊರಳುವ ಕೆಲಸಕ್ಕಾಗಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಇದರ ಘಟಕವೊಂದಿದೆ.

ಮಂಡಿಯ ಪ್ರಶ್ನೆ

ಮಂಡಿಯ ಎರಡು ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇದೆ. ಅದರಲ್ಲಿ ರಕ್ತನಾಳಗಳಿಲ್ಲ. ಚರ್ಮ ಕೊಯ್ದರೆ ರಕ್ತದ ಜೊತೆ ದುರಸ್ತಿಯ ಸಾಮಗ್ರಿಯೂ ಆಳುಗಳೂ ಬರುತ್ತವೆ. ಮೃದ್ವಸ್ಥಿಯೆಂದರೆ ಇಟ್ಟಿಗೆ ಲಾರಿಯೂ ನೀರಿನ ಟ್ಯಾಂಕರೂ ಒಳಹೋಗಲಾಗದ ಹಳೆಯ ಪೇಟೆಯ ಸಂದಿಯಿದ್ದಂತೆ. ಆದ್ದರಿಂದ ಒಮ್ಮೆ ಸವೆದದ್ದು ತಾನಾಗಿ ತುಂಬುವುದಿಲ್ಲ. ಸವೆತದ ಜೊತೆಗೆ ಕೀಲಿನ ಒಳಪದರದಲ್ಲಿ ಉರಿಯೂತವೂ ಸೇರಿ ನೋವು ಹೆಚ್ಚುತ್ತದೆ.

ಮೆಸೆಂಕೈಮಲ್ ಕೋಶಗಳನ್ನು ಕೀಲಿನೊಳಗೆ ಚುಚ್ಚಿದಾಗ ಉರಿಯೂತ ತಗ್ಗಿ ನೋವು ಕಡಿಮೆಯಾಗಬಹುದು ಎಂಬ ನಿರೀಕ್ಷೆಗೆ ವೈಜ್ಞಾನಿಕ ಆಧಾರವಿದೆ. ಭಾರತದಲ್ಲಿ 2022ರಲ್ಲಿ, ಬೆಂಗಳೂರಿನ ಅದೇ ಸಂಸ್ಥೆಯ ಕೋಶಗಳಿಗೆ ಮಂಡಿಯ ಸವೆತದ ಎರಡನೆಯ ಮತ್ತು ಮೂರನೆಯ ಹಂತಗಳಲ್ಲಿ ಬಳಸಲು ಅನುಮತಿ ಸಿಕ್ಕಿದೆ. ಇನ್ನೊಂದು ಕಡೆ, ಅಮೆರಿಕದಲ್ಲಿ 475 ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು, ಗಟ್ಟಿ ಮಾಡಿದ ಮಜ್ಜೆ, ಕೊಬ್ಬಿನಿಂದ ತೆಗೆದ ಕೋಶಗಳು ಮತ್ತು ಹೊಕ್ಕುಳಬಳ್ಳಿಯ ಮೆಸೆಂಕೈಮಲ್ ಕೋಶಗಳು ಈ ಮೂರನ್ನೂ ಸಾಮಾನ್ಯ ಸ್ಟಿರಾಯ್ಡ್ ಇಂಜೆಕ್ಷನ್‌ಗೆ ಹೋಲಿಸಿ ನೋಡಿತು. ಒಂದು ವರ್ಷದ ನಂತರ ನೋವಿನ ವಿಷಯದಲ್ಲಿ ಮೂರರಲ್ಲಿ ಯಾವುದೂ ಸ್ಟಿರಾಯ್ಡ್‌ಗಿಂತ ಮೇಲೆನಿಸಲಿಲ್ಲ. ಎರಡು ಕಡೆಯ ಕೋಶಗಳೂ ತಯಾರಿಕೆಯೂ ಬೇರೆ ಬೇರೆಯಾದುದರಿಂದ ಒಂದರಿಂದ ಇನ್ನೊಂದನ್ನು ನೇರವಾಗಿ ಅಳೆಯುವುದು ಕಷ್ಟ. ಸವೆದುಹೋದ ಮೃದ್ವಸ್ಥಿ ಮೊದಲಿನಂತೆ ಬೆಳೆದು ಬರುತ್ತದೆ ಎಂಬ ಮಾತಿಗಂತೂ ಮನುಷ್ಯರಲ್ಲಿ ದೃಢವಾದ ಆಧಾರವಿಲ್ಲ. ನೋವು ಕಡಿಮೆಯಾಗುವುದು ಒಂದು, ಮಂಡಿ ಹೊಸದಾಗುವುದು ಇನ್ನೊಂದು. ಜಾಹೀರಾತುಗಳು ಇವೆರಡನ್ನೂ ಒಂದೇ ವಾಕ್ಯದಲ್ಲಿ ಸೇರಿಸಿಬಿಡುತ್ತವೆ.

ಫಲಿತಾಂಶಗಳು ಹೀಗೆ ಹೊಯ್ದಾಡುವುದಕ್ಕೆ ಒಂದು ಕಾರಣ ಮನೆಯಲ್ಲಿ ಮೊಸರು ಮಾಡುವ ಯಾರಿಗಾದರೂ ಗೊತ್ತಿರುವಂಥದ್ದು. ಹಾಲು ಒಂದೇ ಆದರೂ ಹೆಪ್ಪು ಯಾವ ಮನೆಯದು, ಹಾಲು ಎಷ್ಟು ಬೆಚ್ಚಗಿತ್ತು, ಎಷ್ಟು ಹೊತ್ತು ಇಟ್ಟಿರಿ ಎಂಬುದರ ಮೇಲೆ ಮೊಸರಿನ ಗಟ್ಟಿತನವೂ ಹುಳಿಯೂ ಬದಲಾಗುತ್ತವೆ. ಕೋಶಗಳಲ್ಲೂ ದಾನಿಯ ವಯಸ್ಸು, ಯಾವ ಅಂಗಾಂಶದಿಂದ ತೆಗೆದದ್ದು, ಎಷ್ಟು ಸಲ ಪಾತ್ರೆ ಬದಲಿಸಿ ಬೆಳೆಸಿದ್ದು, ಹೆಪ್ಪುಗಟ್ಟಿಸಿ ಕರಗಿಸಿದಾಗ ಎಷ್ಟು ಜೀವಂತ ಉಳಿದವು ಎಂಬುದೆಲ್ಲ ಗುಣವನ್ನು ಬದಲಿಸುತ್ತದೆ. ಹೆಚ್ಚು ಸಲ ಬೆಳೆಸಿದ ಕೋಶಗಳು ಮುಪ್ಪಾಗಿ ಕಸುವು ಕಳೆದುಕೊಳ್ಳುತ್ತವೆ. ಒಂದು ಮಾತ್ರೆ ಇನ್ನೊಂದು ಮಾತ್ರೆಯಂತೆಯೇ ಇರುತ್ತದೆ ಎಂಬ ಭರವಸೆ ಇಲ್ಲಿ ಸುಲಭವಲ್ಲ. ಕೋಶದ ಬದಲು ಅದು ಬಿಡುವ ಎಕ್ಸೊಸೋಮ್‌ಗಳನ್ನೇ ಶುದ್ಧೀಕರಿಸಿ ಔಷಧವಾಗಿಸುವ ಪ್ರಯತ್ನಗಳಿಗೆ ಇದೂ ಒಂದು ಪ್ರೇರಣೆ. ಅವು ಇನ್ನೂ ಸಂಶೋಧನೆಯ ಹಂತದಲ್ಲಿವೆ.

ಅಪಾಯ ಮತ್ತು ಕಾನೂನು

ಎಚ್ಚರದಿಂದ ತಯಾರಿಸಿ, ಪ್ರಯೋಗದ ಚೌಕಟ್ಟಿನಲ್ಲಿ ಕೊಟ್ಟ ಮೆಸೆಂಕೈಮಲ್ ಕೋಶಗಳಿಂದ ಗಂಭೀರ ತೊಂದರೆಗಳು ಕಡಿಮೆ. ತಾತ್ಕಾಲಿಕ ಜ್ವರ, ಚುಚ್ಚಿದ ಕಡೆ ಊತ ಸಾಮಾನ್ಯ. ಆ ಚೌಕಟ್ಟಿನ ಹೊರಗಿನ ಕಥೆಗಳು ನೋವು ತರುವಂಥವು. ಅಮೆರಿಕದ ಫ್ಲಾರಿಡಾದಲ್ಲಿ ತಮ್ಮದೇ ಕೊಬ್ಬಿನಿಂದ ತೆಗೆದ ಕೋಶಗಳನ್ನು ಕಣ್ಣುಗಳಿಗೆ ಚುಚ್ಚಿಸಿಕೊಂಡ ಮೂವರು ಮಹಿಳೆಯರ ದೃಷ್ಟಿ ತೀವ್ರವಾಗಿ ನಷ್ಟವಾದ ವರದಿ 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅದಕ್ಕಾಗಿ ಅವರು ಹಣವನ್ನೂ ಕೊಟ್ಟಿದ್ದರು. ಮರುವರ್ಷ ಅದೇ ದೇಶದ ಮೂರು ರಾಜ್ಯಗಳಲ್ಲಿ, ಹೊಕ್ಕುಳಬಳ್ಳಿಯ ರಕ್ತದಿಂದ ಮಾಡಿದ ಉತ್ಪನ್ನವನ್ನು ಕೀಲು, ಬೆನ್ನುಗಳಿಗೆ ಚುಚ್ಚಿಸಿಕೊಂಡ 12 ಮಂದಿ ಬ್ಯಾಕ್ಟೀರಿಯಾ ಸೋಂಕಿನಿಂದ ಆಸ್ಪತ್ರೆ ಸೇರಿದರು. 'ನಿಮ್ಮದೇ ಕೋಶ, ಆದ್ದರಿಂದ ಅಪಾಯವಿಲ್ಲ' ಎಂಬ ಮಾತು ಎಷ್ಟು ಟೊಳ್ಳು ಎಂಬುದು ಮೊದಲ ಪ್ರಕರಣದಿಂದ ಗೊತ್ತಾಗುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ 2017ರಲ್ಲಿ ಹೊರತಂದ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ರಕ್ತಸಂಬಂಧಿ ಕಾಯಿಲೆಗಳಿಗೆ ಮಾಡುವ ರಕ್ತಜನಕ ಕೋಶಗಳ ಕಸಿಯನ್ನು ಬಿಟ್ಟು ಉಳಿದ ಕಾಂಡಕೋಶ ಬಳಕೆಯೆಲ್ಲ ಸಂಶೋಧನೆಯೇ; ಅದು ಅನುಮತಿ ಪಡೆದ ಪ್ರಯೋಗದೊಳಗೆ ನಡೆಯಬೇಕು. ಔಷಧ ಮಹಾನಿಯಂತ್ರಕರು ಒಂದು ಉತ್ಪನ್ನವನ್ನು ಒಂದು ನಿರ್ದಿಷ್ಟ ಕಾಯಿಲೆಗೆ ಒಪ್ಪಿದರೆ ಆ ಕಾಯಿಲೆಗೆ ಮಾತ್ರ ಅದು ಔಷಧವಾಗುತ್ತದೆ. ಕಾಂಡಕೋಶದಿಂದ ತಯಾರಾದ ಉತ್ಪನ್ನವನ್ನು 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳು 'ಹೊಸ ಔಷಧ' ಎಂದೇ ಪರಿಗಣಿಸುತ್ತವೆ. ಆಟಿಸಂಗೆ ಈ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು, ಅದನ್ನು ನೀಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕತಾ ಮಂಡಳಿ 2022ರಲ್ಲಿ ತಿಳಿಸಿತು. ಮಗುವಿಗಾಗಿ ಒಡವೆ ಮಾರಲು ಸಿದ್ಧರಿರುವ ತಂದೆತಾಯಂದಿರಿಗೆ ಈ ಒಂದು ವಾಕ್ಯ ತಲುಪಬೇಕು ಎಂಬುದು ನನ್ನ ಆಸೆ.

ಇದು ಪ್ರಯೋಗ ಎಂದು ವೈದ್ಯರು ಹೇಳಿದರೆ ಅದಕ್ಕೆ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ, ಇಂಡಿಯಾ ಎಂಬ ಸರ್ಕಾರಿ ದಾಖಲೆಯಲ್ಲಿ ನೋಂದಣಿ ಸಂಖ್ಯೆ ಇರಲೇಬೇಕು. ಆ ಜಾಲತಾಣವನ್ನು ಯಾರು ಬೇಕಾದರೂ ತೆರೆದು ನೋಡಬಹುದು. ನೈತಿಕ ಸಮಿತಿಯ ಒಪ್ಪಿಗೆ ಇರಬೇಕು, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಒಪ್ಪಿಗೆ ಪತ್ರ ಇರಬೇಕು. ಪ್ರಯೋಗದಲ್ಲಿರುವ ಕೋಶಗಳಿಗಾಗಿ ರೋಗಿಯಿಂದ ಲಕ್ಷಗಟ್ಟಲೆ ಹಣ ಕೇಳಿದರೆ ಅದು ಪ್ರಯೋಗವಲ್ಲ, ಮಾರಾಟ.

ಹೊಕ್ಕುಳಬಳ್ಳಿಯ ವಿಚಾರ

ಹೊಕ್ಕುಳಬಳ್ಳಿಯ ರಕ್ತದಲ್ಲಿ ಹೆಚ್ಚಾಗಿ ಇರುವುದು ರಕ್ತಜನಕ ಕಾಂಡಕೋಶಗಳು, ಬಳ್ಳಿಯ ಲೋಳೆಯಲ್ಲಿ ಇರುವುದು ಮೆಸೆಂಕೈಮಲ್ ಕೋಶಗಳು. ಕಂಪನಿಗಳ ಕಿರುಹೊತ್ತಿಗೆಯಲ್ಲಿ ಇವೆರಡೂ ಒಟ್ಟಿಗೆ ಬರುತ್ತವೆ. ಮಗುವಿಗೆ ಮುಂದೆ ಥಲಸ್ಸೇಮಿಯಾದಂತಹ ಆನುವಂಶಿಕ ಕಾಯಿಲೆ ಬಂದರೆ ಅದೇ ದೋಷ ಕಾದಿಟ್ಟ ಕೋಶದಲ್ಲೂ ಇರುವುದರಿಂದ ಅದು ಆ ಮಗುವಿನ ಉಪಯೋಗಕ್ಕೆ ಬಾರದು. ಮುಂದೆಂದೋ ಬೇಕಾದೀತು ಎಂದು ಹಣ ತೆತ್ತು ಖಾಸಗಿಯಾಗಿ ಕಾದಿಡುವುದನ್ನು ವೈದ್ಯಕೀಯ ಸಂಶೋಧನಾ ಮಂಡಳಿ ಶಿಫಾರಸು ಮಾಡುವುದಿಲ್ಲ. ಮನೆಯಲ್ಲಿ ಈಗಾಗಲೇ ಇಂತಹ ಕಾಯಿಲೆಯ ಅಣ್ಣನೋ ಅಕ್ಕನೋ ಇದ್ದರೆ ಮಾತು ಬೇರೆ. ಆಗ ತಜ್ಞರನ್ನು ಕೇಳಿ ನಿರ್ಧರಿಸಬೇಕು.

ದೊಡ್ಡಮ್ಮನ ಎಕ್ಸ್-ರೇ

ಇಷ್ಟನ್ನೂ ಹೇಳಿ, ಜಾಹೀರಾತಿನ ನಂಬರ್‌ಗೆ ಕರೆ ಮಾಡುವ ಬದಲು, ದೊಡ್ಡಮ್ಮನನ್ನು ಅವರ ಹಳೆಯ ಮೂಳೆ ವೈದ್ಯರ ಬಳಿಗೇ ಕರೆದುಕೊಂಡು ಹೋದೆ. ಒಂದು ಚೀಟಿಯಲ್ಲಿ ಪ್ರಶ್ನೆಗಳನ್ನು ಕನ್ನಡದಲ್ಲೇ ಬರೆದುಕೊಂಡಿದ್ದರು: ಯಾವ ಕೋಶ, ಯಾರ ಕೋಶ, ಬೆಳೆಸಿದ್ದೋ ಹಾಗೇ ಚುಚ್ಚುವುದೋ, ಯಾವ ಹಂತದ ಮಂಡಿಗೆ ಅನುಮತಿ ಇದೆ. ವೈದ್ಯರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದರು. ಮಂಡಿಯ ಸವೆತವನ್ನು ಸೊನ್ನೆಯಿಂದ ನಾಲ್ಕರವರೆಗೆ ಅಳೆಯುವ ಪದ್ಧತಿ 1957ರಿಂದ ಬಳಕೆಯಲ್ಲಿದೆ. ಎರಡರಲ್ಲಿ ಮೂಳೆಯ ಅಂಚಿನಲ್ಲಿ ಮುಳ್ಳುಗಳು ಮೂಡಿರುತ್ತವೆ, ಮೂರರಲ್ಲಿ ಕೀಲಿನ ಸಂದು ಸ್ಪಷ್ಟವಾಗಿ ಕಿರಿದಾಗಿರುತ್ತದೆ, ನಾಲ್ಕರಲ್ಲಿ ಸಂದು ಹೆಚ್ಚುಕಡಿಮೆ ಉಳಿದೇ ಇರುವುದಿಲ್ಲ. ದೊಡ್ಡಮ್ಮನ ಬಲಮಂಡಿ ನಾಲ್ಕು, ಎಡಮಂಡಿ ಮೂರು.

"ಬಲಗಡೆಗೆ ಆ ಇಂಜೆಕ್ಷನ್‌ನಿಂದ ಪ್ರಯೋಜನ ಇಲ್ಲಮ್ಮ, ಅದಕ್ಕೆ ಅನುಮತಿಯೂ ಇಲ್ಲ. ಎಡಗಡೆಗೆ ಯೋಚನೆ ಮಾಡಬಹುದು, ಆದರೆ ಹೊಸ ಮಂಡಿ ಬರತ್ತೆ ಅಂತ ನಾನು ಹೇಳಲ್ಲ. ಮೊದಲು ಮೂರು ತಿಂಗಳು ತೊಡೆಯ ವ್ಯಾಯಾಮ ಮಾಡಿ" ಎಂದು ವೈದ್ಯರು ಹೇಳಿದರು. ದೊಡ್ಡಮ್ಮ ಚೀಟಿಯ ಕೊನೆಯ ಪ್ರಶ್ನೆಯ ಮುಂದೆ 3 ಮತ್ತು 4 ಎಂಬ ಎರಡು ಅಂಕಿಗಳನ್ನು ಬರೆದುಕೊಂಡು, ಅದನ್ನು ಎಕ್ಸ್-ರೇ ಕವರಿನೊಳಗೆ ಇಟ್ಟರು. ಈಗ ಬೆಳಿಗ್ಗೆ ಏಳಕ್ಕೆ ಹಜಾರದ ಕುರ್ಚಿಯ ಮೇಲೆ ಕೂತು, ಮೊದಲು ಎಡಗಾಲು, ಆಮೇಲೆ ಬಲಗಾಲು ನೇರ ಮಾಡಿ, ಹತ್ತು ಎಣಿಸುತ್ತಾರೆ.